ಗೌಂಡಿ ಕಾಕಾನ ಜೊತೆ ಕಿಲ್ಲಾರಿ ಕಡೆಗೆ

ಮೊದಲ ದಿನ: ಅಕ್ಕಲಕೋಟದಿಂದ ಉಮರಗಾ

ನಮ್ಮ ಕಾಕಾ ಗೌಂಡಿ. ಅಕ್ಕಲಕೋಟದ ಸುತ್ತಮುತ್ತ ಅವರು ಕಟ್ಟಿದ ಮನೆಗಳು ಬಹಳ ಇವೆ. ಆದರೆ ಕೆಲಸ ಕಲಿತದ್ದು ಇಲ್ಲಿ ಅಲ್ಲ, ಲಾತೂರ ಜಿಲ್ಲೆಯ ಕಿಲ್ಲಾರಿ ಕಡೆ. 1993ರ ಭೂಕಂಪ ಆದ ಮೇಲೆ ಅಲ್ಲಿ ಊರಿಗೆ ಊರೇ ಕಟ್ಟಬೇಕಾಗಿತ್ತು, ಕೈಯಾಳು ಎಷ್ಟು ಬಂದರೂ ಸಾಲುತ್ತಿರಲಿಲ್ಲ. ಮೀಸೆ ಚಿಗುರುವ ವಯಸ್ಸಿನಲ್ಲಿ ಕಾಕಾ ಗಾರೆ ಕಲಸಲು ಹೋದವರು ಕರಣೆ ಹಿಡಿದು ವಾಪಸು ಬಂದರು. ಆಮೇಲೆ ಆ ಕಡೆ ಹೋಗಿರಲೇ ಇಲ್ಲ. ನಾನು ಕನ್ನಡ ಶಾಲೆಯ ಮಾಸ್ತರ, ಭೂಗೋಳ ಹೇಳುವವನು. ಸಂಕ್ರಾಂತಿ ಕಳೆದ ಮೇಲೆ ಐದು ದಿನ ಬಿಡುವು ಸಿಕ್ಕಿತು, "ನಡೀರಿ ಕಾಕಾ, ನಿಮ್ಮ ಕೆಲಸ ತೋರಿಸ್ರಿ" ಎಂದೆ.

ಎಸ್‌ಟಿ ಬಸ್ಸಿನಲ್ಲಿ ಮೊದಲು ನಳದುರ್ಗ. ಕೋಟೆ ನೋಡುವ ಆಸೆ ನನ್ನದು. ಬೋರಿ ನದಿಗೆ ಅಡ್ಡ ಕಟ್ಟಿದ ಒಡ್ಡಿನ ಹೊಟ್ಟೆಯಲ್ಲೇ ಅರಮನೆಯ ಕೋಣೆಗಳಿವೆ, ಪಾನೀ ಮಹಲ್ ಎನ್ನುತ್ತಾರೆ. ವಿಜಯಪುರದ ಎರಡನೇ ಇಬ್ರಾಹಿಂ ಆದಿಲ್ ಶಾಹನ ಕಾಲದ್ದು, 1613ರದ್ದು. ಮಳೆಗಾಲದಲ್ಲಿ ಒಡ್ಡಿನ ಮೇಲಿಂದ ನೀರು ಧುಮುಕುತ್ತದೆ. ನಾವು ಹೋದಾಗ ನೀರು ಕೆಳಗೆ ಸುಮ್ನೆ ನಿಂತಿತ್ತು. ಕಾಕಾ ನೀರಿನ ಕಡೆ ನೋಡಲೇ ಇಲ್ಲ. ಕಲ್ಲಿನ ಸಂದಿಗೆ ಉಗುರು ಹಾಕಿ ಕೆರೆದು ನೋಡಿದರು. "ಸುಣ್ಣದ ಗಾರೆ. ನಾನೂರು ವರ್ಷ ಆದ್ರೂ ಬಿಟ್ಟಿಲ್ಲ ನೋಡು. ನಮ್ಮ ಹಳ್ಳಿ ಮನಿಯಾಗ ಎರಡು ಕಲ್ಲಿನ ನಡುವ ಏನಿರ್ತದ? ಬರೇ ಮಣ್ಣು."

ಸಂಜೆ ಉಮರಗಾ. ಹೈದರಾಬಾದ್ ಹೆದ್ದಾರಿಯ ಲಾರಿಗಳ ಸದ್ದಿಗೆ ಲಾಡ್ಜಿನಲ್ಲಿ ನಿದ್ದೆ ಬರಲಿಲ್ಲ. ಪೇಟೆಯಲ್ಲಿ ಮರಾಠಿ, ಕನ್ನಡ, ಉರ್ದು ಒಂದೇ ಮಾತಿನಲ್ಲಿ ಬರುತ್ತವೆ. ಖಾನಾವಳಿಯ ಅಜ್ಜಿ ನಮ್ಮ ಮಾತು ಕೇಳಿಸಿಕೊಂಡು ಆಳಂದ ಕಡೆಯವರಾ ಎಂದು ಕೇಳಿ, ಝುಣಕದ ಮೇಲೆ ಇನ್ನೊಂದು ಸೌಟು ಎಣ್ಣೆ ಹಾಕಿದರು.

ಎರಡನೇ ದಿನ: ಕಿಲ್ಲಾರಿ

ಉಮರಗಾದಿಂದ ಔಸಾ ರಸ್ತೆ ಹಿಡಿದರೆ ಕಿಲ್ಲಾರಿ. ದಾರಿಯ ಎರಡೂ ಕಡೆ ತೊಗರಿ ಕಟಾವು ನಡೆದಿತ್ತು, ಬಿಳಿಜೋಳ ಹಾಲುಗಾಳಿಗೆ ಬಂದಿತ್ತು. ಸಪಾಟು ಎರೆ ಭೂಮಿ. ಗುಡ್ಡ ಇಲ್ಲ, ಕಣಿವೆ ಇಲ್ಲ. ಭೂಮಿ ಅಲುಗುವ ನಾಡು ಎಂದರೆ ಹಿಮಾಲಯದಂತೆ ಮುರಿದು ಮಡಚಿ ಎದ್ದಿರಬೇಕು ಎಂದು ನಮ್ಮ ತಲೆಯಲ್ಲಿ ಇರುತ್ತದೆ ಅಲ್ವಾ? ಇಲ್ಲಿ ಕಣ್ಣಿಗೆ ಒಂದೂ ಗುರುತು ಸಿಗುವುದಿಲ್ಲ.

ಹಳೇ ಊರಿನ ಜಾಗ ಈಗ ಜಾಲಿ ಮುಳ್ಳಿನ ಕಾಡು. ಒಳಗೆ ಕಾಲುದಾರಿ ಹಿಡಿದು ಹೋದರೆ ಕಲ್ಲಿನ ಗುಡ್ಡೆ, ಮತ್ತೆ ಕಲ್ಲಿನ ಗುಡ್ಡೆ. ಒಂದು ಕಡೆ ಹೊಸ್ತಿಲ ಕಲ್ಲು ಇನ್ನೂ ಇದ್ದ ಜಾಗದಲ್ಲೇ ಇದೆ, ಅದರ ಹಿಂದೆ ಮನೆ ಇಲ್ಲ. ಪಕ್ಕದಲ್ಲಿ ಒಂದು ಒರಳು. ಒಳ್ಳೆಯ ಕಲ್ಲು, ತೊಲೆ, ಬಾಗಿಲು ಎಲ್ಲ ಆಗಲೇ ಎತ್ತಿಕೊಂಡು ಹೋದರಂತೆ. ಸ್ಮಾರಕದ ಹತ್ತಿರ ಪ್ರತಿ ವರ್ಷ ಸೆಪ್ಟೆಂಬರ್ 30ಕ್ಕೆ ಜನ ಸೇರಿ ಹೂವು ಇಡುತ್ತಾರೆ.

ಅವತ್ತು ಬೆಳಗಿನ ಜಾವ 3 ಗಂಟೆ 56 ನಿಮಿಷ. ಹಿಂದಿನ ರಾತ್ರಿ ಗಣಪತಿ ಬಿಟ್ಟು, ಕುಣಿದು ದಣಿದು ಬಂದು ಜನ ಮಲಗಿದ್ದರು. 6.2 ಪ್ರಮಾಣದ ಕಂಪನ. ಸತ್ತವರ ಲೆಕ್ಕ ಒಂದೊಂದು ಕಡೆ ಒಂದೊಂದು ಥರ, ಎಂಟು ಸಾವಿರದಿಂದ ಹತ್ತು ಸಾವಿರದವರೆಗೆ. ಲಾತೂರ ಮತ್ತು ಉಸ್ಮಾನಾಬಾದ್ (ಈಗಿನ ಧಾರಾಶಿವ) ಎರಡು ಜಿಲ್ಲೆ ಸೇರಿ 52 ಹಳ್ಳಿಗಳನ್ನು ಬೇರೆ ಜಾಗದಲ್ಲಿ ಹೊಸದಾಗಿ ಕಟ್ಟಬೇಕಾಯಿತು. ಇಷ್ಟು ಪ್ರಮಾಣದ ಭೂಕಂಪ ಜಪಾನಿನಲ್ಲಿ ಆದರೆ ಬೆರಳೆಣಿಕೆಯ ಜನ ಸಾಯಬಹುದು, ಒಬ್ಬರೂ ಸಾಯದೆಯೂ ಇರಬಹುದು. ಹಾಗಾದರೆ ಇಲ್ಲಿ ಕೊಂದದ್ದು ಏನು?

ಕಾಕಾ ಒಂದು ಕಲ್ಲಿನ ಗುಡ್ಡೆಯ ಮುಂದೆ ಕೂತು ತೋರಿಸಿದರು. ನಮ್ಮ ಕಡೆಯ ಮಾಳಿಗೆ ಮನೆಯ, ಅಂದರೆ ಮಣ್ಣಿನ ಚಾವಣಿಯ ಮನೆಯ, ಗೋಡೆ ಹೊರಗಿನಿಂದ ಒಂದೇ ಗೋಡೆ ಅನಿಸುತ್ತದೆ. ನಿಜವಾಗಿ ಎರಡು. ಹೊರಗೆ ಮುಖ ಚಂದ ಮಾಡಿದ ಕಲ್ಲಿನ ಸಾಲು, ಒಳಗೆ ಇನ್ನೊಂದು ಸಾಲು, ನಡುವೆ ಚೂರು ಕಲ್ಲು ಮತ್ತು ಮಣ್ಣು. ಎರಡು ಅಡಿ, ಮೂರು ಅಡಿ ದಪ್ಪ. ದಪ್ಪ ಇದ್ದಷ್ಟೂ ಗಟ್ಟಿ ಎಂದು ನಂಬಿಕೆ. ಆದರೆ ಎರಡೂ ಸಾಲನ್ನು ಹಿಡಿದಿಡುವ ಉದ್ದನೆಯ ಅಡ್ಡಗಲ್ಲು ಹಾಕಿಲ್ಲದಿದ್ದರೆ, ನೆಲ ಅಲುಗಿದಾಗ ಒಳಗಿನ ಮಣ್ಣು ಕೆಳಗೆ ಇಳಿದು ಎರಡು ಸಾಲನ್ನೂ ಹೊರಗೆ ತಳ್ಳುತ್ತದೆ. ಗೌಂಡಿಗಳು ಇದಕ್ಕೆ ಗೋಡೆ ಹೊಟ್ಟೆ ಬಿಟ್ಟಿದೆ ಎನ್ನುತ್ತಾರೆ. ಮುಂದಿನ ಏಟಿಗೆ ಹೊಟ್ಟೆ ಒಡೆಯುತ್ತದೆ.

ಇನ್ನು ಮೇಲೆ ಏನಿತ್ತು? ಜಂತಿ, ಹಲಗೆ, ಅದರ ಮೇಲೆ ಮಣ್ಣು. ಕಟ್ಟಿದಾಗ ಒಂದು ಅಡಿ ಇರುತ್ತದೆ. ಪ್ರತಿ ವರ್ಷ ಮಳೆಗೆ ಮುಂಚೆ ಸೋರುವ ಕಡೆ ಇನ್ನೊಂದು ಪದರ ಹಾಕುತ್ತಾರೆ. ಅಜ್ಜ ಹಾಕಿದ್ದರ ಮೇಲೆ ಅಪ್ಪ, ಅಪ್ಪ ಹಾಕಿದ್ದರ ಮೇಲೆ ಮಗ. ಯಾರೂ ತೆಗೆಯುವುದಿಲ್ಲ. ಕಾಕಾ ನೆಲದ ಮೇಲೆ ಕಡ್ಡಿಯಿಂದ ಲೆಕ್ಕ ಬರೆದರು. ಹತ್ತು ಅಡಿ ಉದ್ದ, ಹನ್ನೆರಡು ಅಡಿ ಅಗಲದ ಕೋಣೆ. ಮೇಲೆ ಎರಡು ಅಡಿ ಮಣ್ಣು. 240 ಘನ ಅಡಿ ಆಯಿತು, ಸುಮಾರು ಎರಡೂವರೆ ಬ್ರಾಸ್ (ಒಂದು ಬ್ರಾಸ್ ಎಂದರೆ ನೂರು ಘನ ಅಡಿ). ತೂಕದಲ್ಲಿ ಹತ್ತು ಟನ್ನಿಗೆ ಕಡಿಮೆ ಇಲ್ಲ. ಒಂದು ಕೋಣೆ, ಒಂದು ಸಂಸಾರ, ತಲೆಯ ಮೇಲೆ ಹತ್ತು ಟನ್.

"ವಾಡೆದವರ ಮನಿಯಾಗ ಜಾಸ್ತಿ ಮಂದಿ ಹೋದ್ರು. ಗುಡಿಸಲಿನವರು ಉಳದ್ರು" ಎಂದರು ಕಾಕಾ. ಹುಲ್ಲು, ತಗಡು ಮೈಮೇಲೆ ಬಿದ್ದರೆ ಮನುಷ್ಯ ಎದ್ದು ಬರಬಹುದು. ಇನ್ನೊಂದು ಸಂಗತಿಯನ್ನು ಆಮೇಲೆ ಪರೀಕ್ಷೆಗೆ ಬಂದ ಎಂಜಿನಿಯರುಗಳೂ ಬರೆದಿದ್ದಾರೆ. ಕೆಲವು ಮನೆಗಳಲ್ಲಿ ಸುತ್ತಲಿನ ಕಲ್ಲುಗೋಡೆ ಪೂರ್ತಿ ಕಳಚಿ ಬಿದ್ದರೂ ಮರದ ಕಂಬ, ತೊಲೆ ಮಾತ್ರ ಮಾಳಿಗೆಯನ್ನು ಹೊತ್ತು ನಿಂತಿದ್ದವು. ಬಡಿಗನ ಕೆಲಸ ಗೌಂಡಿಯ ಕೆಲಸಕ್ಕಿಂತ ಮೇಲಾಗಿತ್ತು ಎನ್ನಬೇಕು. ಕಾಕಾನಿಗೆ ಈ ಮಾತು ಅಷ್ಟು ಇಷ್ಟವಾಗಲಿಲ್ಲ.

ಹೊಸ ಕಿಲ್ಲಾರಿಯ ಚಹಾ ಅಂಗಡಿಯಲ್ಲಿ ಒಬ್ಬ ಹಿರಿಯರು ಮಾತಿಗೆ ಸಿಕ್ಕರು. ಮರಾಠಿಯವರು, ನಮ್ಮ ಕಾಕಾನಿಗೆ ಸಾಕಷ್ಟು ಮರಾಠಿ ಬರುತ್ತದೆ. ಅವರು ಹೇಳಿದ್ದು ಭೂಕಂಪದ ರಾತ್ರಿಯ ಕಥೆಯಲ್ಲ, ಅದರ ಹಿಂದಿನ ವರ್ಷದ್ದು. 1992ರ ಅಕ್ಟೋಬರಿನಲ್ಲೇ ನೆಲ ಗುಡುಗುಡು ಎನ್ನಲು ಶುರು ಮಾಡಿತ್ತು. ಗೋಡೆಗಳು ಬಿರುಕು ಬಿಟ್ಟವು. ಜನ ಹೆದರಿ ಕೆಲವು ದಿನ ಹೊರಗೆ ಮಲಗಿದರು, ಅಧಿಕಾರಿಗಳಿಗೆ ಅರ್ಜಿ ಕೊಟ್ಟರು. ಆಮೇಲೆ ಸದ್ದು ಕಡಿಮೆಯಾಯಿತು. ಮಳೆ ಬಂತು, ಬಿತ್ತನೆ ಬಂತು, ಗಣಪತಿ ಬಂದ. ಎಲ್ಲರೂ ಒಳಗೆ ಹೋಗಿ ಮಲಗಿದರು.

ಆ ಜನರನ್ನು ದೂರಿ ಏನು ಪ್ರಯೋಜನ? ಆಗಿನ ಸರ್ಕಾರಿ ನಕ್ಷೆಯಲ್ಲೇ ಈ ಪ್ರದೇಶ ಒಂದನೇ ವಲಯದಲ್ಲಿತ್ತು. ಅಂದರೆ ದೇಶದಲ್ಲೇ ಭೂಕಂಪದ ಭಯ ಎಲ್ಲಕ್ಕಿಂತ ಕಡಿಮೆ ಇರುವ ಜಾಗ. 2002ರಲ್ಲಿ ನಕ್ಷೆ ಬದಲಾಯಿಸಿದಾಗ ಒಂದನೇ ವಲಯವನ್ನೇ ತೆಗೆದುಹಾಕಿದರು. ಆ ನಕ್ಷೆಯಲ್ಲಿ ಲಾತೂರ ಮೂರನೇ ವಲಯಕ್ಕೆ ಬಂತು.

ಇಂಥ ಕಡೆ ಭೂಕಂಪ ಯಾಕಾಗುತ್ತದೆ ಎಂದು ಮಕ್ಕಳು ಕೇಳಿದರೆ ನಾನು ಹೇಳುವುದು ಇಷ್ಟು. ನಮ್ಮ ಭಾರತದ ಭೂಫಲಕ ಉತ್ತರಕ್ಕೆ ಹೋಗುತ್ತಾ ಏಷ್ಯಾವನ್ನು ಒತ್ತುತ್ತಿದೆ, ವರ್ಷಕ್ಕೆ ಸುಮಾರು ಐದು ಸೆಂಟಿಮೀಟರ್ ಲೆಕ್ಕದಲ್ಲಿ. ಹಿಮಾಲಯದಲ್ಲಿ ಆಗುವ ಆ ಒತ್ತಡ ಇಡೀ ಫಲಕದ ಒಳಗೆ ಹರಡುತ್ತದೆ. ಫಲಕದ ನಡುವೆ ಹಳೆಯ ಬಿರುಕುಗಳಿವೆ, ಕೋಟ್ಯಂತರ ವರ್ಷ ಹಿಂದಿನವು. ಅವುಗಳಲ್ಲಿ ಯಾವುದೋ ಒಂದು ಯಾವತ್ತೋ ಒಂದು ದಿನ ಜಾರುತ್ತದೆ. ಒಮ್ಮೆ ಜಾರಿದ ಬಿರುಕು ಮತ್ತೆ ಸಾವಿರಾರು ವರ್ಷ ಸುಮ್ಮನಿರಬಹುದು. ಇಲ್ಲಂತೂ ಆ ಬಿರುಕು ಕಾಣುವುದೂ ಇಲ್ಲ, ಮೇಲೆ ಲಾವಾದ ಹೊದಿಕೆ ಇದೆ. ಭೂಕಂಪದ ನಂತರ ಹೈದರಾಬಾದಿನ ಎನ್‌ಜಿಆರ್‌ಐ (ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆ) ವಿಜ್ಞಾನಿಗಳು ಕಿಲ್ಲಾರಿಯಲ್ಲಿ ಕೊರೆದು ನೋಡಿದರು. 338 ಮೀಟರ್ ಕಪ್ಪು ಕಲ್ಲು ದಾಟಿದ ಮೇಲೆ ಕೆಳಗಿನ ಹಳೆಯ ಬಂಡೆ ಹತ್ತಿರ ಬಂತು. ಆರೂವರೆ ಕೋಟಿ ವರ್ಷದ ಹಿಂದೆ ಹರಿದು ಗಟ್ಟಿಯಾದ ಈ ಕಲ್ಲಿನಿಂದಲೇ ಇಲ್ಲಿಯ ಗೋಡೆ ಕಟ್ಟಿದ್ದು.

ಆ ರಾತ್ರಿ ಜಾರಿದ ಬಿರುಕು ಬಹಳ ಆಳದಲ್ಲಿರಲಿಲ್ಲ, ಹತ್ತು ಕಿಲೋಮೀಟರಿನ ಒಳಗೆ. ನೆಲವೇ ಒಂದು ಕಡೆ ಮೊಣಕಾಲೆತ್ತರ ಉಬ್ಬಿ ನಿಂತಿತ್ತು. ಹಿರಿಯರು ಕೈ ಮಾಡಿ ದಿಕ್ಕು ತೋರಿಸಿದರು. ಹೋಗಿ ಹುಡುಕಿದೆವು. ಮೂವತ್ತು ವರ್ಷದ ಉಳುಮೆಗೆ ಎಲ್ಲ ಸಮವಾಗಿದೆ.

ಮೂರನೇ ದಿನ: ಸಾಸ್ತೂರ, ಮಾಕಣಿ

ಹೊಸ ಊರುಗಳು ನೋಡಲು ಊರಿನಂತೆ ಇಲ್ಲ. ಸರಕಾರಿ ಕ್ವಾರ್ಟರ್ಸ್ ಥರ ಸಾಲು ಸಾಲು, ಲಾರಿ ಎರಡು ಹೋಗುವಷ್ಟು ಅಗಲದ ರಸ್ತೆ. ಹೊಲದ ಲೆಕ್ಕದ ಮೇಲೆ ಮನೆ ಕೊಟ್ಟರು. ಭೂಮಿ ಇಲ್ಲದವರಿಗೆ, ಸ್ವಲ್ಪವೇ ಇದ್ದವರಿಗೆ 250 ಚದರ ಅಡಿ, ನಡುವಿನವರಿಗೆ 400, ದೊಡ್ಡ ಹಿಡುವಳಿದಾರರಿಗೆ 750. ಕಾಕಾ ಹೇಳುವ ಪ್ರಕಾರ ಕೆಲಸ ಗಟ್ಟಿ ಇದೆ. ಬದುಕಿದವರ ದೂರು ಬೇರೆ. ಅಕ್ಕಪಕ್ಕದಲ್ಲಿದ್ದ ಅಣ್ಣತಮ್ಮಂದಿರ ಮನೆ ದೂರ ದೂರ ಹೋಯಿತು. ದನ ಕಟ್ಟಲು ಜಾಗ ಇಲ್ಲ. ಹೊಲ ಹಳೇ ಊರಿನ ಕಡೆ ಉಳಿಯಿತು. ಅದಕ್ಕೇ ಪ್ರತಿ ಮನೆಯ ಮುಂದೆ, ಹಿಂದೆ ತಗಡಿನ ಶೆಡ್ಡು ಬೆಳೆದಿದೆ. ಒಂದು ಮನೆಯಲ್ಲಂತೂ ಸಿಮೆಂಟಿನ ಕೋಣೆಯೊಳಗೆ ಸೋಯಾಬೀನ್ ಚೀಲ, ಜನ ಮಲಗುವುದು ತಗಡಿನ ಕೆಳಗೆ.

ಸಾಸ್ತೂರದ ಹತ್ತಿರ ಒಂದು ಹಳ್ಳಿಯಲ್ಲಿ ಕಾಕಾ ಹುಡುಕುತ್ತಿದ್ದ ಮನೆ ಸಿಕ್ಕಿತು. ಎಲ್ಲ ಊರುಗಳನ್ನೂ ಸ್ಥಳಾಂತರ ಮಾಡಲಿಲ್ಲ. ಹಾನಿ ಕಡಿಮೆ ಇದ್ದ ಕಡೆ ಇದ್ದ ಮನೆಯನ್ನೇ ಗಟ್ಟಿ ಮಾಡಿದರು. ವಿಶ್ವಬ್ಯಾಂಕಿನ ಸಾಲದಲ್ಲಿ ನಡೆದ ಆ ದುರಸ್ತಿ ಕೆಲಸ ದೊಡ್ಡದು, ಲಕ್ಷಗಟ್ಟಲೆ ಮನೆಗಳು. ಹಳ್ಳಿ ಹಳ್ಳಿಯಲ್ಲಿ ಹೆಂಗಸರನ್ನೇ ಸಂವಾದ ಸಹಾಯಕರು ಎಂದು ನೇಮಿಸಿ, ಮನೆ ಯಜಮಾನರಿಗೂ ಎಂಜಿನಿಯರಿಗೂ ನಡುವೆ ಅವರು ಮಾತಾಡುವಂತೆ ಮಾಡಿದ್ದರು. ಆ ಹೆಂಗಸರು ಗೌಂಡಿಗಳನ್ನು ಬಿಡುತ್ತಿರಲಿಲ್ಲವಂತೆ. "ಅಡ್ಡಗಲ್ಲು ಎಣಿಸಿ ತೋರಿಸು ಅಂತಿದ್ರು. ಸಿಮೆಂಟ್ ಕಡಿಮಿ ಹಾಕಿದ್ರ ಕಣ್ಣೀಲೇ ಕಂಡು ಹಿಡೀತಿದ್ರು" ಎಂದು ಕಾಕಾ ಇವತ್ತಿಗೂ ಸ್ವಲ್ಪ ಹೆದರಿದವರಂತೆಯೇ ಹೇಳಿದರು.

ಆ ಮನೆಯ ಯಜಮಾನರು ಒಳಗೆ ಕರೆದು ಸೀತನಿ ಕೊಟ್ಟರು. ಬಿಸಿ ಬಿಸಿ, ಜೊತೆಗೆ ಶೇಂಗಾ ಚಟ್ನಿ. ಕಾಕಾ ತಿನ್ನುತ್ತಲೇ ಗೋಡೆ ಸವರುತ್ತಿದ್ದರು. ದುರಸ್ತಿಯ ಕ್ರಮ ಹೀಗಿತ್ತು. ಮೊದಲು ಮಾಳಿಗೆಯ ಮಣ್ಣು ಇಳಿಸಿ ಹಗುರ ಮಾಡುವುದು. ಆಮೇಲೆ ಗೋಡೆಯಲ್ಲಿ ಅಲ್ಲಲ್ಲಿ ಹುಷಾರಾಗಿ ಕಲ್ಲು ಬಿಚ್ಚಿ, ಈ ಮುಖದಿಂದ ಆ ಮುಖದವರೆಗೆ ತೂತು ಮಾಡಿ, ಕೊಕ್ಕೆ ಬಗ್ಗಿಸಿದ ಸರಳು ಇಟ್ಟು ಕಾಂಕ್ರೀಟ್ ತುಂಬುವುದು. ಅದೇ ಅಡ್ಡಗಲ್ಲಿನ ಕೆಲಸ ಮಾಡುತ್ತದೆ. ಹೊಸ ಗೋಡೆ ಆದರೆ ಎತ್ತರದಲ್ಲಿ ಎರಡು ಅಡಿಗೊಂದು, ಉದ್ದದಲ್ಲಿ ನಾಲ್ಕು ಅಡಿಗೊಂದು ಅಡ್ಡಗಲ್ಲು ಬೇಕು. ಬಾಗಿಲ ಮೇಲ್ಗಡೆ ಮನೆ ಸುತ್ತ ಒಂದು ಕಾಂಕ್ರೀಟ್ ಪಟ್ಟಿ, ನಾಲ್ಕೂ ಗೋಡೆ ಒಟ್ಟಿಗೆ ಹಿಡಿಯಲು. ಕಂಬಕ್ಕೂ ತೊಲೆಗೂ ಮೂಲೆಯಲ್ಲಿ ಓರೆ ಕಟ್ಟಿಗೆಯ ಆಸರೆ. ಇಷ್ಟೇ. ಹೊಸ ಮನೆ ಕಟ್ಟುವ ಖರ್ಚಿಗೆ ಹೋಲಿಸಿದರೆ ಏನೂ ಅಲ್ಲ.

"ಹಂಗಾದ್ರ ನಮ್ಮೂರಾಗ ಯಾಕ ಮಾಡಲಿಲ್ಲ ಕಾಕಾ?" ಎಂದು ಕೇಳಿದೆ.

"ಯಾರು ಕೇಳ್ತಾರ? ಸ್ಲ್ಯಾಬ್ ಹಾಕು ಅಂತಾರ, ಇಲ್ಲಾ ಹಂಗೇ ಇರ್ಲಿ ಅಂತಾರ."

ಮಧ್ಯಾಹ್ನ ಟಮಟಮದಲ್ಲಿ ಮಾಕಣಿಗೆ ಹೋದೆವು. ತೇರಣಾ ನದಿಯ ಅಣೆಕಟ್ಟು, ಉದ್ದ ಜಾಸ್ತಿ, ಎತ್ತರ ಕಡಿಮೆ. ಈ ನೀರಿನ ಭಾರದಿಂದಲೇ ಭೂಕಂಪ ಆಯಿತೇ ಎಂದು ಆಗ ಬಹಳ ಚರ್ಚೆ ನಡೆದಿತ್ತು. ಕೊಯನಾದ ಉದಾಹರಣೆ ಕಣ್ಣ ಮುಂದಿತ್ತು ನೋಡಿ. ಅಲ್ಲಿ 103 ಮೀಟರ್ ಎತ್ತರದ ಅಣೆಕಟ್ಟು, 1962ರಿಂದ ನೀರು ನಿಲ್ಲಿಸಿದರು, 1967ರ ಡಿಸೆಂಬರ್ 11ರ ಬೆಳಗಿನ ಜಾವ 6.3ರ ಭೂಕಂಪ ಆಯಿತು. ಈಗಲೂ ಅಲ್ಲಿ ಸಣ್ಣಪುಟ್ಟ ಕಂಪನ ನಿಂತಿಲ್ಲ. ಮಾಕಣಿಯ ಕೆರೆ ಅದರ ಮುಂದೆ ಚಿಕ್ಕದು. ಇಲ್ಲಿ ನೀರಿನ ಪಾತ್ರ ಇತ್ತೇ ಎಂಬ ಬಗ್ಗೆ ವಿಜ್ಞಾನಿಗಳಲ್ಲಿ ಒಮ್ಮತ ಇಲ್ಲ. ನಮ್ಮ ಟಮಟಮದ ಹುಡುಗನಿಗೆ ಮಾತ್ರ ಅನುಮಾನವೇ ಇಲ್ಲ. ಡ್ಯಾಮಿನಿಂದಲೇ ಆಗಿದ್ದು ಎಂದು ಅವನು ಹೇಳಿದ. ಭೂಕಂಪ ಆದಾಗ ಅವನು ಹುಟ್ಟಿರಲಿಲ್ಲ.

ನಾಲ್ಕನೇ ದಿನ: ತೇರ

ಇದು ನನ್ನ ಹಟ. ಕಾಕಾನಿಗೆ ಇಷ್ಟು ದೂರ ಬಸ್ಸಿನಲ್ಲಿ ಕೂರುವುದು ಬೇಡವಾಗಿತ್ತು. ಸಂತ ಗೋರಾ ಕುಂಬಾರರ ಊರು ಎಂದ ಮೇಲೆ ಒಪ್ಪಿದರು. ಧಾರಾಶಿವದಿಂದ ಮುಂದೆ ಅದೇ ತೇರಣಾ ನದಿಯ ದಂಡೆಯ ಮೇಲೆ ಈ ಊರು. ಎರಡು ಸಾವಿರ ವರ್ಷದ ಹಿಂದೆ ಗ್ರೀಕ್ ವ್ಯಾಪಾರಿಗಳು ತಗರ ಎಂದು ಬರೆದಿಟ್ಟ ಪೇಟೆ ಇದೇ.

ಗೋರೋಬಾ ಕಾಕಾರ (ಗೋರಾ ಕುಂಬಾರರನ್ನು ಜನ ಹೀಗೇ ಕರೆಯುತ್ತಾರೆ) ಗುಡಿಯಲ್ಲಿ ಕೈಮುಗಿದು ತ್ರಿವಿಕ್ರಮ ಗುಡಿಗೆ ಹೋದೆವು. ಇಟ್ಟಿಗೆಯ ಗುಡಿ. ಹಿಂಭಾಗ ಗುಂಡಗೆ ತಿರುಗಿದೆ, ಬೌದ್ಧರ ಚೈತ್ಯದ ಆಕಾರ, ಆಮೇಲೆ ವಿಷ್ಣುವಿನ ಗುಡಿಯಾದದ್ದು. ಕಾಕಾನಿಗೆ ಇಟ್ಟಿಗೆ ಹಿಡಿಸಿತು. ಬೆರಳಿನಿಂದ ಬಡಿದು ಸದ್ದು ಕೇಳಿದರು, ಪೂಜಾರಿ ಗುರಾಯಿಸಿದರು.

ನಾನು ಇಲ್ಲಿಗೆ ಬಂದ ಕಾರಣ ಬೇರೆ. ಭೂಕಂಪದ ನಂತರ ಸಿ. ಪಿ. ರಾಜೇಂದ್ರನ್ ಮತ್ತು ಕುಸಲಾ ರಾಜೇಂದ್ರನ್ ಎಂಬ ವಿಜ್ಞಾನಿ ದಂಪತಿ ಕಿಲ್ಲಾರಿಯ ಜೊತೆಗೆ ತೇರವನ್ನೂ ಪರೀಕ್ಷೆ ಮಾಡಿದರು. ಸುಮಾರು 1500 ವರ್ಷದ ಹಿಂದೆ ಇಲ್ಲೂ ಒಂದು ಭೂಕಂಪ ಆಗಿರಬೇಕು ಎಂಬುದು ಅವರ ಅಂದಾಜು. ಹಾಗಿದ್ದರೆ ಭೂಕಂಪವೇ ಆಗದ ನಾಡು ಇದಾಗಿರಲಿಲ್ಲ. ಆದದ್ದನ್ನು ನೆನಪಿಡುವವರು ಉಳಿದಿರಲಿಲ್ಲ, ಅಷ್ಟೇ. ಹಿಮಾಲಯದ ಹಳ್ಳಿಗಳಲ್ಲಿ ಅಜ್ಜ ಅಜ್ಜಿ ನಡುಕದ ಕಥೆ ಹೇಳುತ್ತಾರೆ, ಮನೆಯ ಗೋಡೆಯೊಳಗೆ ಅಡ್ಡ ಮರ ಕೂರಿಸಿ ಕಟ್ಟುವ ರೂಢಿ ಉಳಿದಿದೆ. ನಮ್ಮಲ್ಲಿ ಅಜ್ಜ ಅಜ್ಜಿ ಹೇಳುವುದು ಬರದ ಕಥೆ. ಅದಕ್ಕೆ ತಕ್ಕ ಹಾಗೆ ಧಾನ್ಯದ ಹಗೇವು ಇದೆ, ಬಾವಿ ಇದೆ, ಬಿಸಿಲಿಗೆ ದಪ್ಪ ಮಾಳಿಗೆ ಇದೆ.

ಕೊನೆಯ ದಿನ: ಮುರುಮ

ವಾಪಸು ಬರುವಾಗ ಮುರುಮದ ಹತ್ತಿರ ಅತ್ತೆಯ ಊರಿನಲ್ಲಿ ಇಳಿದೆವು. ಅತ್ತೆ ಎಂದರೆ ಕಾಕಾನ ಅಕ್ಕ. ಕರ್ನಾಟಕದ ಗಡಿ ಅಲ್ಲೇ ಪಕ್ಕಕ್ಕೆ, ಮನೆಮಾತು ಎಲ್ಲ ಕನ್ನಡ. ಖಡಕ್ ರೊಟ್ಟಿ, ಪುಂಡಿಪಲ್ಯ ಮುಂದಿಟ್ಟುಕೊಂಡು ಕೂತಾಗ ಕಾಕಾ ಊಟಕ್ಕಿಂತ ಜಾಸ್ತಿ ಮೇಲೆ ನೋಡುತ್ತಿದ್ದರು. ಅದು ಹಳೆಯ ಮಾಳಿಗೆ ಮನೆ. 1993ರಲ್ಲಿ ಇದೂ ಅಲುಗಿತ್ತು. ಪಾತ್ರೆಗಳೆಲ್ಲ ನೆಲುವಿನಿಂದ ಬಿದ್ದವು, ಗೋಡೆ ಬೀಳಲಿಲ್ಲ. ಆಮೇಲೆ ಪ್ರತಿ ವರ್ಷ ಮಣ್ಣು ಮೇಲೇರುತ್ತಲೇ ಇದೆ.

"ಅಕ್ಕಾ, ಮಣ್ಣು ಇಳಸೋಣು."

"ಯಾಕೋ ತಮ್ಮಾ? ಸೋರಂಗಿಲ್ಲ ಏನಿಲ್ಲ."

ಕಾಕಾ ಹಿತ್ತಲಿಗೆ ಕರೆದುಕೊಂಡು ಹೋಗಿ ತೋರಿಸಿದರು. ಪಡುವಣ ಗೋಡೆ ಮಧ್ಯದಲ್ಲಿ ಹೊಟ್ಟೆ ಬಿಟ್ಟಿತ್ತು. ದಾರ ಹಿಡಿದು ಗುಂಡು ಬಿಟ್ಟರೆ ನಾಲ್ಕು ಬೆರಳು ಹೊರಗೆ. ಅತ್ತೆ ಒಪ್ಪಲಿಲ್ಲ. ಬೇಸಿಗೆಯಲ್ಲಿ ಹೊರಗೆ 42 ಡಿಗ್ರಿ ಇದ್ದರೂ ಈ ಮನೆ ಒಳಗೆ ತಂಪು. ಪಕ್ಕದ ಮನೆಯವರು ಸ್ಲ್ಯಾಬ್ ಹಾಕಿಸಿಕೊಂಡು ಮಧ್ಯಾಹ್ನ ಇಲ್ಲಿ ಬಂದು ಮಲಗುತ್ತಾರೆ. ಈ ಮಾತಿಗೆ ಉತ್ತರ ಇಲ್ಲದೆ ಬರೀ ಹೆದರಿಸುವವರ ಮಾತು ಯಾರೂ ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ ಎಂದು ನನಗನಿಸಿತು.

ಕಾಕಾ ಬಳಿ ಉತ್ತರ ಇತ್ತು. ಪೂರ್ತಿ ತೆಗೆಯುವುದು ಬೇಡ, ಒಂದು ಗೇಣು ಮಣ್ಣು ಉಳಿಸೋಣ. ಅದರ ಕೆಳಗೆ ಪ್ಲಾಸ್ಟಿಕ್ ತಾಡಪತ್ರಿ ಹಾಸಿದರೆ ಸೋರುವುದಿಲ್ಲ, ಪ್ರತಿ ವರ್ಷ ಹೊಸ ಮಣ್ಣು ಹೊರುವುದೂ ತಪ್ಪುತ್ತದೆ. ಪಡುವಣ ಗೋಡೆಗೆ ಸರಳು ಹಾಕಿ ಕಟ್ಟೋಣ. ತಂಪು ಸ್ವಲ್ಪ ಕಡಿಮೆ ಆಗುತ್ತದೆ, ಸುಳ್ಳು ಹೇಳುವುದಿಲ್ಲ ಎಂದರು.

ಆಗ ಮಾತಿಗೆ ಸೇರಿದ್ದು ಅತ್ತೆಯ ಮಗಳು, ಬಾಣಂತನಕ್ಕೆ ಬಂದವಳು. ಅವಳ ಗಂಡನ ಊರು ಚಿಂಚೋಳಿ ತಾಲೂಕಿನಲ್ಲಿ, ಗಡಿಕೇಶ್ವರದ ಹತ್ತಿರ. 2021ರ ಅಕ್ಟೋಬರಿನಲ್ಲಿ ಅಲ್ಲಿ ನೆಲದೊಳಗೆ ಗುಂಡು ಹಾರಿಸಿದಂತೆ ಸದ್ದು ಬರುತ್ತಿತ್ತು. ದೊಡ್ಡದು ನಾಲ್ಕರ ಆಸುಪಾಸಿನ ಪ್ರಮಾಣದ್ದು. ಬಹಳ ಜನ ಊರು ಬಿಟ್ಟು ನೆಂಟರ ಮನೆಗೆ ಹೋದರು, ವಿಜ್ಞಾನಿಗಳು ಬಂದು ಯಂತ್ರ ಇಟ್ಟರು. ಮಳೆಗಾಲದ ನೀರು ಕಲ್ಲಿನ ಬಿರುಕಿಗೆ ಇಳಿದು ಹೀಗಾಗುತ್ತದೆ ಎಂದು ಅವರು ಹೇಳಿದರಂತೆ. "ಆವಾಗ ನಾವು ಇಲ್ಲೇ ಬಂದಿದ್ದಿವಿ ಮಾಮಾ. ಇದೇ ಮಾಳಗಿ ಕೆಳಗ ಮಲ್ಕೊಂಡಿದ್ದಿವಿ" ಎಂದಳು.

ಅತ್ತೆ ಮಗಳ ಕಡೆ ನೋಡಿದರು, ಮೇಲೆ ನೋಡಿದರು. ಆಮೇಲೆ ಕೇಳಿದ್ದು ಖರ್ಚಿನ ಮಾತು. ಒಟ್ಟು ಎಷ್ಟು ಬ್ರಾಸ್ ಮಣ್ಣು ಇಳಿಯುತ್ತದೆ, ಎಷ್ಟು ಆಳು ಬೇಕು, ಇಳಿಸಿದ ಮಣ್ಣನ್ನು ಹೊಲಕ್ಕೆ ಹಾಕಬಹುದೇ. ಕಾಕಾ ಹೆಜ್ಜೆ ಹಾಕಿ ಅಳೆದರು. ಮೂರು ಕೋಣೆ, ಪಡಸಾಲೆ ಸೇರಿ ಎಂಟು ಬ್ರಾಸಿನ ಮೇಲೆ ಆಗುತ್ತದೆ ಎಂದರು.

"ಯುಗಾದಿ ಆದ ಮ್ಯಾಲ ಬಾ ಹಂಗಾರ. ಜೋಳದ ರಾಶಿ ಮುಗದಿರ್ತದ. ಟ್ರ್ಯಾಕ್ಟರ್ ಬಾಡಿಗಿ ನೀನೇ ಕೊಡು."

"ನಾ ಯಾಕ ಕೊಡ್ಲಿ? ನನ್ನ ಕೂಲಿನೇ ಬಿಡ್ತೀನಲಾ."

ಬಸ್ ಬರುವವರೆಗೆ ಇದೇ ಜಗಳ ನಡೆಯಿತು. ಕೊನೆಗೆ ಅರ್ಧ ಅರ್ಧ ಎಂದು ಇತ್ಯರ್ಥವಾಯಿತು. ಮಣ್ಣು ಹೊರಲು ನಾನೂ ಬರಬೇಕೆಂದು ಇಬ್ಬರೂ ಸೇರಿ ಹೇಳಿದರು.